ಬೆಳಕಿನ ಹೊಲಕ್ಕೆ ಚೆಲ್ಲಿದ ಚರಗ

ಯಾರ ಮನೆಗೆ ಹೋದರೂ ಅಲ್ಲಿನ ಕುರ್ಚಿಯನ್ನು ಒಮ್ಮೆ ಬುಡಮೇಲು ಮಾಡಿ ನೋಡುವ ಚಟ ನನಗಿದೆ. ಕೂರುವ ಮೊದಲೇ ನೋಡಿಬಿಡಬೇಕು. ಕೂತೆದ್ದ ಮೇಲೆ ನೋಡಿದರೆ ಕುರ್ಚಿ ಮುರಿಯಿತೇನೋ ಎಂದು ಮನೆಯವರು ಗಾಬರಿಯಾಗುತ್ತಾರೆ. ವಸ್ತುವಿನ ಮೇಲ್ಭಾಗ ಗಿರಾಕಿಗಾಗಿ ಮಾಡಿದ್ದು, ತಳ ಮಾತ್ರ ನಿಜ ಹೇಳುತ್ತದೆ. ಎಲ್ಲಿ ಹುಟ್ಟಿತು, ಯಾವ ಕೈ ಬೆಸುಗೆ ಹಾಕಿತು, ಎಷ್ಟು ಮನೆ ಕಂಡಿತು, ಎಲ್ಲ ಅಲ್ಲೇ ಬರೆದಿರುತ್ತದೆ.

ಮೊನ್ನೆ ಬೀಗರ ಮನೆಗೆ ಹೋಗಿದ್ದೆವು. ಅವರ ಪಡಸಾಲೆಯ ಮೂಲೆಯಲ್ಲೊಂದು ಹೊಸ ದೀಪ ನಿಂತಿತ್ತು. ತೆಳ್ಳಗಿನ ನಾಲ್ಕಾರು ಕಡ್ಡಿಗಳು, ಒಂದೊಂದರ ತುದಿಗೂ ಮಿಣಿಮಿಣಿ ಬೆಳಕು. ನನ್ನ ಕೈ ತಾನಾಗಿಯೇ ಅದರ ಕೊರಳಿಗೆ ಹೋಯಿತು.

“ಮಾವಾರ, ಮಾವಾರ! ಅದು ಆರ್ಟ್ ಪೀಸ್ ರೀ, ಉಲ್ಟಾ ಮಾಡಬ್ಯಾಡ್ರಿ!” ಎಂದು ಅಳಿಯ ಓಡಿ ಬಂದ.

ಸೋಫಾದ ಮೇಲೆ ಚಹಾ ಕುಡಿಯುತ್ತಿದ್ದ ನನ್ನ ಹೆಂಡತಿ ಕಸ್ತೂರಿಗೆ ನಗು ತಡೆಯಲಾಗಲಿಲ್ಲ. ಚಹಾ ಸೀರೆಯ ಮೇಲೆ ಚೆಲ್ಲಿತು. “ಆವತ್ತ ಕಡಬು ಎಲ್ಲಿ ಬಿದ್ದಿತ್ತು, ನೆನಪದನ್ರಿ?” ಎಂದು ಕೇಳಿದಳು. ದೀಪಕ್ಕೂ ಕಡುಬಿಗೂ ಏನು ಸಂಬಂಧವೆಂದು ಬೀಗರಿಗೆ ತಿಳಿಯಲಿಲ್ಲ. ಅವರಿಗೆ ಹೇಳಲು ಸಂಕೋಚವಾಯಿತು. ನಿಮಗೆ ಹೇಳಲು ಏನಡ್ಡಿ?

ನಾನು ಕುರ್ಚಿ ಮಾರುವವನು. ಹೊಸ ಕುರ್ಚಿಯಲ್ಲ, ಮಂದಿ ಕೂತೆದ್ದ ಕುರ್ಚಿ. ಕಲಬುರಗಿ ಕಡೆಯ ಹಳ್ಳಿಯಿಂದ ಬಂದು ನಾಂಪಲ್ಲಿ ಸ್ಟೇಷನ್ನಿನಲ್ಲಿ ಇಳಿದಾಗ ನನ್ನ ಹತ್ತಿರ ಇದ್ದದ್ದು ಒಂದು ಟ್ರಂಕು, ಮತ್ತೆ ಯಾರ ಜೊತೆಗಾದರೂ ಮಾತು ಬೆಳೆಸಬಲ್ಲ ನಾಲಿಗೆ. ಟ್ರಂಕನ್ನು ಮೊದಲ ವಾರವೇ ಮಾರಿದೆ. ನಾಲಿಗೆಯ ಮೇಲೆ ಇವತ್ತಿಗೂ ಬದುಕುತ್ತಿದ್ದೇನೆ.

ಅದು ಅಮೀರ್‌ಪೇಟದಲ್ಲಿ ಬೆಳಿಗ್ಗೆ ಒಂದು ಸಾಫ್ಟ್‌ವೇರ್ ಇನ್‌ಸ್ಟಿಟ್ಯೂಟಿನ ಬೋರ್ಡು ಏರಿದರೆ ಸಂಜೆಗೆ ಅದೇ ಮೆಟ್ಟಿಲಿನಲ್ಲಿ ಇನ್ನೊಂದರ ಬೋರ್ಡು ಇಳಿಯುತ್ತಿದ್ದ ಕಾಲ. ಮೆಟ್ರೋದ ಕಂಬಗಳು ಇನ್ನೂ ಎದ್ದಿರಲಿಲ್ಲ. ಏರುವ ಬೋರ್ಡಿಗೆ ಕುರ್ಚಿ ಬೇಕು, ಇಳಿಯುವ ಬೋರ್ಡಿಗೆ ಕುರ್ಚಿ ಭಾರ. ಎರಡರ ನಡುವೆ ನಾನು ಹೋಗಿ ನಿಂತೆ. ಮೂರನೇ ಮಹಡಿಯಿಂದ ಇಳಿಸಿದ ಕುರ್ಚಿಯನ್ನು ಒಂದಿಷ್ಟು ಒರೆಸಿ, ಎಣ್ಣೆ ಬಿಟ್ಟು, ಪಕ್ಕದ ಕಟ್ಟಡದ ಎರಡನೇ ಮಹಡಿಗೆ ಏರಿಸುತ್ತಿದ್ದೆ. ಅದರ ಮೇಲೆ ಕೂತು ಕಲಿತ ಹುಡುಗರು ಅಮೆರಿಕಕ್ಕೆ ಹೋದರು, ಸಿಂಗಪುರಕ್ಕೆ ಹೋದರು. ಕುರ್ಚಿ ಅಮೀರ್‌ಪೇಟ ಬಿಟ್ಟು ಕದಲಲಿಲ್ಲ. ಕೆಲವು ಕುರ್ಚಿಗಳ ಗುರುತು ನನಗೆ ಎಷ್ಟಿತ್ತೆಂದರೆ, ಮೆಟ್ಟಿಲಲ್ಲಿ ಎದುರಾದರೆ “ಮತ್ತ ಬಂದೇನಪ್ಪಾ?” ಎಂದು ಮಾತನಾಡಿಸುತ್ತಿದ್ದೆ.

ನೀವು ಯಾರಾದರೂ ಹಳೆಯ ತಿರುಗುವ ಕುರ್ಚಿ ಕೊಳ್ಳುವವರಿದ್ದರೆ ಒಂದು ಮಾತು ಕೇಳಿ. ಚಕ್ರ ನೋಡಬೇಡಿ, ಚಕ್ರ ಎಲ್ಲಿಯಾದರೂ ಸಿಗುತ್ತದೆ. ಕೂತು ಎಡಕ್ಕೆ ವಾಲಿ, ಬಲಕ್ಕೆ ವಾಲಿ. ‘ಕಿರ್’ ಎಂದರೆ ಎಣ್ಣೆ ಸಾಕು. ‘ಟಕ್’ ಎಂದರೆ ಮಾತಿಲ್ಲದೆ ಎದ್ದು ಬನ್ನಿ. ಇನ್ನೊಂದು, ಮಾರುವವನ ಎದುರಿಗೆ ‘ಚೆನ್ನಾಗಿದೆ’ ಎಂಬ ಪದ ಬಾಯಿಂದ ಬರಕೂಡದು. ಮನಸ್ಸಿಗೆ ಬಂದರೂ ಕಣ್ಣಿಗೆ ಬರಕೂಡದು.

ಆದರೆ ಚೌಕಾಶಿ ಒಬ್ಬರಿಂದ ಆಗುವ ಕೆಲಸವಲ್ಲ. ಜೊತೆಗೆ ಇನ್ನೊಬ್ಬರು ಬೇಕು. ಒಬ್ಬರು ಬೇಕೆನ್ನಬೇಕು, ಒಬ್ಬರು ಬೇಡವೆನ್ನಬೇಕು. ನಮ್ಮ ಮನೆಯಲ್ಲಿ ಬೇಕೆನ್ನುವವನು ನಾನು, ಬೇಡವೆನ್ನುವವಳು ಕಸ್ತೂರಿ. ನಾಂಪಲ್ಲಿಯ ಗಲ್ಲಿಯಲ್ಲಿ ನಮ್ಮ ಬಾಡಿಗೆ ಮನೆ, ಅಲ್ಲಿಂದ ಕೂಗಳತೆಯಲ್ಲಿ ಜನವರಿಯ ಎಗ್ಸಿಬಿಷನ್ ಮೈದಾನ. ಹೈದರಾಬಾದಿನವರು ಅದನ್ನು ನುಮಾಯಿಷ್ ಎನ್ನುತ್ತಾರೆ. ನುಮಾಯಿಷ್ ನಡೆಯುವಷ್ಟು ದಿನ ಅಲ್ಲಿನ ದೀಪಗಳ ಬೆಳಕು ನಮ್ಮ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂದು ಹಿತ್ತಾಳೆ ಪಾತ್ರೆಗಳ ಮೇಲೆ ಕೂರುತ್ತಿತ್ತು. ನಾವಿಬ್ಬರೂ ಉಲ್ಲನ್ ಟೋಪಿ, ಮಫ್ಲರ್ ಸುತ್ತಿಕೊಂಡು ಕಾಶ್ಮೀರದ ಶಾಲಿನ ಅಂಗಡಿ ಮುಂದೆ ನಿಲ್ಲುತ್ತಿದ್ದೆವು. ನಾನು ಆಸೆಗಣ್ಣು ಬಿಡುತ್ತಿದ್ದೆ. ಆಕೆ ಶಾಲಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಮೂಗನ್ನು ಚೂರು ಮೇಲೆತ್ತಿ, “ಬ್ಯಾಡ್ರಿ, ನಡೀರಿ” ಎಂದು ಹೊರಟುಬಿಡುತ್ತಿದ್ದಳು. ಅಂಗಡಿಯವನು ಕೂಗಿ ಕರೆಯದಿದ್ದರೆ ಆವತ್ತು ಆಕೆಗೆ ಊಟ ಸೇರುತ್ತಿರಲಿಲ್ಲ. ಮದುವೆಯಾದಾಗಿನಿಂದ ಆಕೆ ಯಾವುದಕ್ಕೂ ಮೊದಲ ಮಾತಿಗೆ ಹೂಂ ಅಂದದ್ದು ನನಗೆ ಗೊತ್ತಿಲ್ಲ. ನನ್ನನ್ನು ಒಪ್ಪಿಕೊಂಡದ್ದೂ ಎರಡನೇ ಸಲ ನೋಡಲು ಹೋದಾಗ.

ಆ ಗಲ್ಲಿ ಮನೆಗೂ ಪಕ್ಕದ ಶಾಹೀನ್ ಆಪಾಳ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆಯಿತ್ತು. ಆಪಾ ಎಂದರೆ ಅಕ್ಕ. ಆಕೆಯ ತವರು ಬೀದರ್. ನಮ್ಮ ಕನ್ನಡ ಆಕೆಗೆ ಪೂರಾ ತಿಳಿಯುತ್ತಿತ್ತು, ಉತ್ತರ ಮಾತ್ರ ದಖ್ಖನಿಯಲ್ಲಿ ಬರುತ್ತಿತ್ತು. ಬೆಳಿಗ್ಗೆ ನಾನು ಕನ್ನಡಿ ಮುಂದೆ ಗಡ್ಡ ಕೆರೆಯುವಾಗ ಇವತ್ತೇನು ಅಡುಗೆ ಎಂಬ ವಿಚಾರಣೆ ಗೋಡೆಯ ಕಡೆಯಿಂದ ದಿನವೂ ಕೇಳುತ್ತಿತ್ತು.

“ಕ್ಯಾ ಜೀ ಕಸ್ತೂರಿ, ಆಜ್ ಕ್ಯಾ ಪಕಾರೀ?”

“ಪುಂಡಿಪಲ್ಯಾ ಆಪಾ.”

“ಗೋಂಗೂರಾ ಬೋಲೋ ನಾ!”

“ಗೋಂಗೂರಾ ಅನ್ನೋದು ತೆಲುಗು ಮಂದಿ. ನಂದು ಪುಂಡಿಪಲ್ಯಾ. ತಿಂಬೋದಾದ್ರ ಬಟ್ಟಲ ಕೊಡು, ಹೆಸರು ಇಡೋದಾದ್ರ ನಿನ್ನ ಮಕ್ಕಳಿಗಿ ಇಡು.”

ಬಟ್ಟಲು ಗೋಡೆ ದಾಟಿ ಬರುತ್ತಿತ್ತು, ತುಂಬಿಕೊಂಡು ಹೋಗುತ್ತಿತ್ತು. ಒಬ್ಬರ ಮನೆಗೆ ಒಬ್ಬರು ಬಾಗಿಲಿನಿಂದ ಹೋದದ್ದು ಹಬ್ಬಕ್ಕೆ, ಸಾವಿಗೆ, ಅಷ್ಟೆ. ಉಳಿದ ಬದುಕೆಲ್ಲ ಗೋಡೆಯ ಮೇಲೆ ನಡೆಯಿತು.

ಹೀಗಿರುವಾಗ ನನ್ನ ಗಿರಾಕಿಗಳು ಊರಿನ ಪಡುವಣಕ್ಕೆ ಹೊರಟರು. ಅಲ್ಲಿ ಗಾಜಿನ ಕಟ್ಟಡಗಳು ಎದ್ದಿದ್ದವು. ಅಮೀರ್‌ಪೇಟದವರು ಕುರ್ಚಿ ಮುರಿಯುವ ತನಕ ಕೂರುತ್ತಿದ್ದರು. ಗಾಜಿನ ಕಟ್ಟಡದವರು ಬಣ್ಣ ಬೇಸರವಾಯಿತೆಂದು ಇಡೀ ಮಹಡಿಯ ಕುರ್ಚಿ ಬದಲಿಸುತ್ತಿದ್ದರು. ಇಂಥ ಪುಣ್ಯಾತ್ಮರನ್ನು ಬಿಟ್ಟು ದೂರ ಇರುವುದು ವ್ಯಾಪಾರವಲ್ಲ. ಗೋದಾಮನ್ನು ಆ ಕಡೆಗೆ ಸಾಗಿಸಿದೆ. ನಾಂಪಲ್ಲಿಯಿಂದ ದಿನವೂ ಬಸ್ಸು ಬದಲಿಸಿ ಹೋಗಿಬರುವಷ್ಟರಲ್ಲಿ ನನ್ನದೇ ನಟ್ಟು ಬೋಲ್ಟು ಸಡಿಲವಾಗತೊಡಗಿತು. ಮಣಿಕೊಂಡದಲ್ಲಿ ಒಂದು ಫ್ಲಾಟು ನೋಡಿದೆ. ನಾಲ್ಕನೇ ಮಹಡಿ, ಮೂಲೆ ಮನೆ, ಎರಡು ಕಡೆ ಗಾಳಿ. ಬಿಲ್ಡರನ ಜೊತೆ ಮಾತು ಕುದುರಿಸಿದೆ. ಕಸ್ತೂರಿಯ ಹೆಸರಿಗೇ ಬರೆಸುವುದೆಂದು ನಾನೇ ಹೇಳಿದ್ದರಿಂದ ಆಕೆ ಹೂಂ ಅನ್ನಬೇಕಿತ್ತು. ಸಂಕ್ರಾಂತಿಯೊಳಗೆ ಹೇಳಿ, ಇಲ್ಲದಿದ್ದರೆ ಬೇರೆಯವರು ಕಾದಿದ್ದಾರೆ ಎಂದು ಬಿಲ್ಡರ್ ಹೇಳಿದ. (ಬೇರೆ ಯಾರೂ ಕಾದಿರುವುದಿಲ್ಲ. ಆದರೂ ಹಾಗೆ ಹೇಳುವುದು ಅವರ ಧರ್ಮ.)

ಕಸ್ತೂರಿಯನ್ನು ಕರೆದುಕೊಂಡು ಹೋಗಿ ತೋರಿಸಿದೆ. ಆಗಿನ ಮಣಿಕೊಂಡ ಈಗಿನದಲ್ಲ. ಅರ್ಧ ಎದ್ದ ಕಟ್ಟಡಗಳ ನಡುವೆ ಆನೆ ಮಲಗಿದಂತೆ ಬಂಡೆಗಳು. ಕತ್ತಲಾಗುತ್ತಲೇ ದಾರಿ ಕಾಣದು. ಆಕೆ ಬಾಲ್ಕನಿಯಲ್ಲಿ ನಿಂತು ನಾಲ್ಕೂ ದಿಕ್ಕು ನೋಡಿದಳು.

“ಬ್ಯಾಡ್ರಿ, ನಡೀರಿ.”

ನನಗೆ ಕಷ್ಟಕ್ಕಿಟ್ಟುಕೊಂಡಿತು. ಇಷ್ಟು ವರ್ಷ ಆಕೆಯ ‘ಬ್ಯಾಡ’ ನಮ್ಮ ಬಂಡವಾಳ. ಇದು ಅಂಗಡಿ ಮುಂದಿನ ‘ಬ್ಯಾಡ’ವೋ, ಹೊಟ್ಟೆಯೊಳಗಿನ ‘ಬ್ಯಾಡ’ವೋ? ಬಸ್ಸಿನಲ್ಲಿ ಕೂತ ಮೇಲೆ ಕೇಳಿದೆ.

“ಗಾಳಿ ಅದ, ಬೆಳಕದ, ನಿನ್ನ ಹೆಸರಿಲೇ ಮನಿ. ಮತ್ತೇನು ಕಮ್ಮಿ?”

“ಸಂಜಿಗಿ ಕತ್ತಲಿ. ಹಗಲಿಗಿ ಬಂಡೆಗಲ್ಲು. ನೀವು ಮುಂಜಾನಿ ಹೋದ್ರ ಹೊತ್ತು ಮುಣುಗಿದ ಮ್ಯಾಲ ಬರ್ತೀರಿ. ನಾ ಯಾರ ಕೂಡ ಮಾತಾಡ್ಲಿ, ಲಿಫ್ಟಿನ ಕೂಡ?”

“ಮಂದಿ ಬರ್ತಾರ. ಬೆಂಗಳೂರೋರು, ಮೈಸೂರೋರು, ಮಂಗಳೂರೋರು...”

“ಬರ್ತಾರ. ಬಂದು ಬಾಗಲಾ ಹಾಕ್ಕೋತಾರ.” ಕಿಟಕಿಯ ಕಡೆ ತಿರುಗಿ, “ಎಳ್ಳ ಅಮಾಸಿಗಿ ನಾ ಚರಗ ಚೆಲ್ಲಿದ್ರ ಹಿಂದಿಂದ ದನಿ ಕೊಡೋರು ಯಾರದಾರ ಅಲ್ಲಿ?” ಎಂದಳು.

“ನಾ ಕೊಡ್ತೀನಿ.”

“ನೀವು ಎಂದ ಮನ್ಯಾಗಿರ್ತೀರಿ?”

ಇದು ಹೊಟ್ಟೆಯೊಳಗಿನ ‘ಬ್ಯಾಡ’ವೇ ಎಂದು ಆಗ ತಿಳಿಯಿತು.

ಎಳ್ಳ ಅಮಾವಾಸ್ಯೆ ನಮ್ಮ ಕಡೆಯ ಚಳಿಗಾಲದ ಹಬ್ಬ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ಹೊಲದಲ್ಲಿ ಬಿಳಿಜೋಳ ತೆನೆ ಹಿಡಿಯುವ ಹೊತ್ತಿಗೆ ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಬಗೆಬಗೆಯ ಸೊಪ್ಪು, ಕಾಯಿ, ಕಾಳು ಕೂಡಿಸಿ ಕುದಿಸಿದ ಭಜ್ಜಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಅಂಬಲಿ. ಐದು ಕಲ್ಲು ಪೂಜಿಸಿ, ಆ ಅಡುಗೆಯನ್ನೆಲ್ಲ ಕಲಸಿ ಭೂಮಿತಾಯಿಗೆ ಎಂದು ಬೆಳೆಯ ನಡುವೆ ಚೆಲ್ಲುತ್ತ ಹೋಗುವುದೇ ಚರಗ. ಮುಂದೆ ಚೆಲ್ಲುವವರು “ಹುಲ್ಲುಲ್ಲಿಗೋ” ಎಂದು ಕೂಗಬೇಕು. ಹಿಂದೆ ನೀರು ಚಿಮುಕಿಸುತ್ತ ಬರುವವರು “ಸಲಾಂಬ್ರಿಗೋ” ಎಂದು ದನಿಗೂಡಿಸಬೇಕು. ಅರ್ಥ ಕೇಳಬೇಡಿ. ನಮ್ಮ ಅಪ್ಪನಿಗೂ ಗೊತ್ತಿರಲಿಲ್ಲ. ಒಂದು ಮಾತ್ರ ಗೊತ್ತು, ಹಿಂದಿನ ದನಿ ಬಾರದಿದ್ದರೆ ಮುಂದಿನವರು ಹೆಜ್ಜೆ ಕೀಳುವಂತಿಲ್ಲ.

ನಮ್ಮ ಅಪ್ಪ ಲೆಕ್ಕಾಚಾರದ ಮನುಷ್ಯ. ಮನೆಯಲ್ಲಿ ಎರಡು ಕಂದೀಲು ಏಕಕಾಲಕ್ಕೆ ಉರಿದರೆ ಅವನ ಎದೆ ಉರಿಯುತ್ತಿತ್ತು. ಕಂದೀಲಿನ ಗಾಜಿನೊಳಗೆ ನನ್ನ ಕೈ ಸಲೀಸಾಗಿ ಹೋಗುತ್ತಿದ್ದುದರಿಂದ ಬೂದಿ ಹಾಕಿ ತಿಕ್ಕುವ ಕೆಲಸ ನನ್ನದು. ಎಳ್ಳ ಅಮಾವಾಸ್ಯೆಯ ದಿನ ಮಾತ್ರ ಅಪ್ಪ ಉದಾರಿ. ಉಂಡು, ಬಿದ್ದುಕೊಂಡು, ಎದ್ದು ಹೊರಡುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ಬಂಡಿಯ ಕೆಳಗೊಂದು, ಮುಂದೊಂದು ಕಂದೀಲು ತೂಗುಬಿಟ್ಟು ಹೊರಡುತ್ತಿದ್ದೆವು. ಚಕ್ಕಡಿ ದಾರಿಯ ಎರಡೂ ಕಡೆ ಆಳೆತ್ತರದ ಜೋಳ. ಬಂಡಿ ಅಲುಗಿದಂತೆ ಬೆಳಕು ಅಲುಗುತ್ತಿತ್ತು, ದಂಟುಗಳ ನೆರಳು ಓಡುತ್ತಿತ್ತು, ತೆನೆಯ ಮೇಲಿನ ಇಬ್ಬನಿ ಒಂದು ಕ್ಷಣ ಹೊಳೆದು ಹಿಂದೆ ಸರಿಯುತ್ತಿತ್ತು. ಕಂಬಳಿಯೊಳಗಿಂದ ಮೂಗಷ್ಟೇ ಹೊರಗಿಟ್ಟು ನಾನು ಅದನ್ನು ನೋಡುತ್ತ ಬರುತ್ತಿದ್ದೆ. ಆಮೇಲೆ ಎಷ್ಟೋ ದೀಪ ನೋಡಿದ್ದೇನೆ. ಯಾರೂ ಕೂರದ ಗಾಜಿನ ಕೋಣೆಗಳಲ್ಲಿ ಬೆಳತನಕ ಉರಿಯುವ ದೀಪ ನೋಡಿದ್ದೇನೆ. ಅವನ್ನು ಕಂಡಾಗಲೆಲ್ಲ ನನ್ನ ಎದೆಯಲ್ಲೂ ಅಪ್ಪನ ಉರಿಯೇ ಏಳುತ್ತದೆ.

ನಾಂಪಲ್ಲಿಯಲ್ಲಿ ಹೊಲ ಎಲ್ಲಿಂದ ಬರಬೇಕು? ಮಾಳಿಗೆಯ ಮೇಲೆ ಎಣ್ಣೆ ಡಬ್ಬಿಗಳಲ್ಲಿ ಕಸ್ತೂರಿ ಬೆಳೆದ ಮೆಂತ್ಯ, ಕೊತ್ತಂಬರಿ, ಒಂದು ಬದನೆ ಗಿಡ, ಅದೇ ನಮ್ಮ ಹೊಲ. ಆಕೆ ಡಬ್ಬಿಗಳ ಸುತ್ತ ಚರಗ ಚೆಲ್ಲಿದರೆ ಪಕ್ಕದ ಮಾಳಿಗೆಯಿಂದ ಆಪಾ ಲೋಟದ ನೀರು ಚಿಮುಕಿಸಿ “ಸಲಾಂಬ್ರಿಗೋ” ಎಂದು ಕೂಗುತ್ತಿದ್ದಳು. ನನ್ನ ಗಂಟಲಿಗಿಂತ ಆಕೆಯದು ದೊಡ್ಡದು. ಸ್ಟೇಷನ್ನಿನ ಕೂಲಿಗಳು ತಲೆಯೆತ್ತಿ ನೋಡುತ್ತಿದ್ದರು.

ಆ ವರ್ಷ ಹಬ್ಬದ ದಿನ ಆಪಾ ಊರಲ್ಲಿರಲಿಲ್ಲ. ತಂಗಿಯ ಮಗಳ ಮದುವೆಗೆಂದು ಬೀದರಿಗೆ ಹೋಗಿದ್ದಳು. ಕಸ್ತೂರಿ ಬೆಳಿಗ್ಗೆಯಿಂದ ಅಡುಗೆ ಮಾಡಿದಳು, ಮಾಳಿಗೆಗೆ ಹೋದಳು, ದನಿ ಕೊಡುವವರಿಲ್ಲದೆ ಹಾಗೆಯೇ ಇಳಿದು ಬಂದಳು. ನಾನು ಗೋದಾಮಿನಿಂದ ಬಂದಾಗ ಅಡುಗೆಯನ್ನು ಮುಚ್ಚಿಟ್ಟು ಕೂತಿದ್ದಳು. ನಾನು ಇದೇ ಸಮಯವೆಂದುಕೊಂಡೆ. ಗಾಜಿನ ಕಟ್ಟಡವೊಂದರಲ್ಲಿ ಕುರ್ಚಿ ಇಳಿಸುವಾಗ ಅಲ್ಲಿನವರು ಒಂದು ಸುದ್ದಿ ಹೇಳಿದ್ದರು. ಮಣಿಕೊಂಡದ ಹತ್ತಿರದ ದೊಡ್ಡ ಪಾರ್ಕಿನಲ್ಲಿ ಚಳಿಗಾಲಕ್ಕೆಂದು ದೀಪಗಳ ಕಲೆ ಇಟ್ಟಿದ್ದಾರೆ, ನೋಡಲು ಮಂದಿ ಮುಗಿಬೀಳುತ್ತಿದ್ದಾರೆ ಎಂದು. ‘ಸಂಜಿಗಿ ಕತ್ತಲಿ’ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ?

“ನಡಿ, ಡಬ್ಬಿ ಕಟ್ಟಿಕೋ. ಇವತ್ತ ಹೊರಗ ಉಣ್ಣೂನು. ನಿನಗೊಂದು ನುಮಾಯಿಷ್ ತೋರಸ್ತೀನಿ” ಎಂದೆ.

ನಾವು ತಲುಪುವಾಗ ಸೂರ್ಯ ಬಂಡೆಗಳ ಹಿಂದೆ ಇಳಿದಿದ್ದ. ಬಾಗಿಲಲ್ಲೇ ಟಿಕೇಟು. ದೀಪ ನೋಡಲು ಟಿಕೇಟು! ನಾನು ಕಿಟಕಿಗೆ ತಲೆ ತೂರಿಸಿ, ಗಂಡ ಹೆಂಡತಿ ಇಬ್ಬರೂ ಒಂದೇ ದೀಪವನ್ನು ನೋಡುವುದರಿಂದ ಒಂದೇ ಟಿಕೇಟು ಸಾಕಲ್ಲವೇ ಎಂದು ಹಿಂದಿಯಲ್ಲಿ ವಾದಿಸಿದೆ. ಒಳಗಿದ್ದವನು ನಗಲೂ ಇಲ್ಲ. ಹಿಂದೆ ಕುತ್ತಿಗೆಗೆ ಕಂಪನಿಯ ಪಟ್ಟಿ ಹಾಕಿಕೊಂಡ ಹುಡುಗ ಹುಡುಗಿಯರ ಸಾಲು ಬೆಳೆಯಿತು. “ಅಂಕಲ್, ಸ್ವಲ್ಪ ಬೇಗ” ಎಂದು ಬೆಂಗಳೂರು ಕನ್ನಡ ಕೇಳಿಸಿತು. ನಮ್ಮ ಭಾಷೆಯವರ ಮುಂದೆ ಮರ್ಯಾದೆ ಹೋಗಬಾರದೆಂದು ಎರಡು ಕೊಂಡೆ.

ಒಳಗೆ ಆಲದ ಮರದ ತುಂಬ ತಲೆಕೆಳಗಾದ ಕೊಡೆಗಳು, ಪ್ರತಿ ಕೊಡೆಯಲ್ಲೂ ತುಂಬಿಟ್ಟಂತೆ ಕೆಂಪು ಬೆಳಕು. ಕೊಳದ ಮೇಲೆ ಖಾಲಿ ಬಾಟಲಿಗಳಿಂದ ಮಾಡಿದ ಹೊಳೆಯುವ ದೋಣಿ. ನಡೆದಲ್ಲೆಲ್ಲ ಕಾಲಡಿಯಲ್ಲಿ ನೀಲಿಯಾಗುವ ಒಂದು ಹಾದಿ. ಹುಡುಗರು ಫೋಟೊ ತೆಗೆದುಕೊಳ್ಳುತ್ತಿದ್ದರು. ಗುಟ್ಟಾಗಿ ಹೇಳುತ್ತೇನೆ, ನನಗೆ ಚೆನ್ನಾಗಿಯೇ ಕಂಡಿತು. ಕಸ್ತೂರಿ ಎಲ್ಲದರ ಮುಂದೆಯೂ ಶಾಲಿನ ಅಂಗಡಿಯ ಮುಖ ಮಾಡಿಕೊಂಡು ನಿಂತಳು.

“ಛತ್ರಿ ಒಳಗ ಬಲ್ಬ್ ಇಟ್ಟಾರ. ಮಳಿ ಬಂದ್ರ ಏನ್ ಮಾಡ್ತಾರ?”

“ಥಂಡ್ಯಾಗ ಎಲ್ಲಿ ಮಳಿ ಬರ್ತದ? ಕಲೆ ಅದು. ನೋಡಬೇಕು, ಕೇಳಬಾರದು.”

“ಕೇಳಬಾರದಂದ್ರ ಯಾಕ ಕರಕೊಂಡು ಬಂದೀರಿ? ಬಾಯಿ ಮುಚ್ಚಿಕೊಂಡು ನೋಡ್ಲಿಕ್ಕ ಮನ್ಯಾಗ ಟಿವಿ ಅದ.”

ಪಾರ್ಕಿನ ಹಿಂದುಗಡೆ ಜನ ಕಡಿಮೆ. ಅಲ್ಲೊಂದು ಇಳಿಜಾರು. ಅಲ್ಲಿ ತಿರುಗಿದವರೇ ಇಬ್ಬರೂ ನಿಂತೆವು.

ಇಳಿಜಾರಿನ ತುಂಬ ಆಳೆತ್ತರದ ತೆಳ್ಳನೆಯ ಕಡ್ಡಿಗಳು. ಒಂದೊಂದರ ತುದಿಯಲ್ಲೂ ಹಾಲುಬಿಳುಪಿನ ದಪ್ಪನೆಯ ಬೆಳಕು. ಸಾಲು, ಸಾಲಿನ ಪಕ್ಕದಲ್ಲಿ ಸಾಲು, ನಡುವೆ ಒಬ್ಬರು ನಡೆಯುವಷ್ಟು ಜಾಗ. ತಣ್ಣನೆಯ ಗಾಳಿ ಬಂದಾಗ ಈ ತುದಿಯಿಂದ ಆ ತುದಿಯವರೆಗೆ ಎಲ್ಲವೂ ಬಾಗಿ, ಮತ್ತೆ ಎದ್ದವು. ಬಂಡಿಯ ಕಂದೀಲ ಬೆಳಕಿನಲ್ಲಿ ಹಿಂದೆ ಸರಿಯುತ್ತಿದ್ದದ್ದು ಇಲ್ಲಿ ಬಂದು ನಿಂತುಬಿಟ್ಟಿದೆ ಅನ್ನಿಸಿತು. ಪಕ್ಕದಲ್ಲಿ ಇಂಗ್ಲಿಷಿನ ಬೋರ್ಡು.

“ಕಾಡು ಅಂತ ಬರದಾರ” ಎಂದು ಓದಿ ಹೇಳಿದೆ.

“ಕಾಡೇನ್ರಿ ಇದು? ಕಣ್ಣಿಲ್ಲೇನು ನಿಮಗ? ಬಿಳಿಜ್ವಾಳ.”

ನಾನು ಅಷ್ಟರಲ್ಲಿ ನನ್ನ ಚಟಕ್ಕೆ ಬಿದ್ದಿದ್ದೆ. ಇಷ್ಟು ತೆಳ್ಳನೆಯ ಕಡ್ಡಿ ಗಾಳಿಗೆ ಬೀಳದೆ ಹೇಗೆ ನಿಂತಿದೆ, ಬುಡದಲ್ಲಿ ಸಿಮೆಂಟೋ, ಕಬ್ಬಿಣವೋ? ಮೊಣಕಾಲೂರಿ, ಕೆನ್ನೆಯನ್ನು ನೆಲಕ್ಕೆ ತಾಗಿಸಿ ನೋಡುತ್ತಿದ್ದೆ. ತಲೆಯ ಮೇಲೆ ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. ಮರುಕ್ಷಣ,

“ಹುಲ್ಲುಲ್ಲಿಗೋ...!”

ಅರ್ಧ ಕಡುಬು, ಭಜ್ಜಿಯ ಸಮೇತ, ನನ್ನ ಕಿವಿಯ ಪಕ್ಕದಲ್ಲಿ ಬಿತ್ತು. ಕತ್ತೆತ್ತಿ ನೋಡಿದರೆ ಕಸ್ತೂರಿ ಸೆರಗು ತಲೆಯ ಮೇಲೆ ಹೊದ್ದು, ಎಡಗೈಯಲ್ಲಿ ಡಬ್ಬಿ ಹಿಡಿದು, ಬೆಳಕಿನ ಸಾಲಿನೊಳಗೆ ಹೆಜ್ಜೆ ಇಟ್ಟಿದ್ದಾಳೆ. ಹೆಜ್ಜೆ ಇಟ್ಟವಳು ಅಲ್ಲೇ ನಿಂತಿದ್ದಾಳೆ. ಹಿಂದಿನ ದನಿ ಬಂದಿಲ್ಲವಲ್ಲ.

“ನೀರು ಹೊಡೀರಿ” ಎಂದಳು, ತಿರುಗಿ ನೋಡದೆ.

ನೀರಿನ ಬಾಟಲಿ ನನ್ನ ಕಂಕುಳಲ್ಲಿತ್ತು. “ಕರೆಂಟ್ ಅದ ಕಸ್ತೂರಿ! ನೀರು ಬಿದ್ರ ಇಬ್ಬರೂ ಸುಟ್ಟ ಬದನೀಕಾಯಿ ಆಗ್ತೀವಿ!”

ಆಗ ಇಳಿಜಾರಿನ ಕೆಳಗಿನಿಂದ ಒಂದು ದನಿ ಬಂತು. ನನ್ನ ಗಂಟಲಿಗಿಂತ ದೊಡ್ಡದು, ಆಪಾಳದಕ್ಕಿಂತಲೂ ದೊಡ್ಡದು.

“ಸಲಾಂಬ್ರಿಗೋ...!”

ಹಳದಿ ಜಾಕೀಟು ತೊಟ್ಟ ಹೆಂಗಸೊಬ್ಬಳು ಕೈಯಲ್ಲಿ ಪೊರಕೆ ಹಿಡಿದು ಸಾಲಿನ ಆ ತುದಿಯಿಂದ ಓಡಿ ಬರುತ್ತಿದ್ದಳು. ಅವಳ ಹಿಂದೆ ಸೀಟಿ ಊದುತ್ತ ವಾಚ್‌ಮನ್. “ಏಮ್ಮಾ, ಏಂ ಚೇಸ್ತುನ್ನಾರು? ಲೋಪಲ ಕರೆಂಟು ಉಂದಿ!” ಎಂದು ಅವನು ಚೀರಿದ. ಒಳಗೆ ಕರೆಂಟಿದೆ ಎಂದು ನಾನೂ ಅದನ್ನೇ ಹೇಳುತ್ತಿದ್ದೆನಲ್ಲ.

“ನುವ್ವು ಉಂಡನ್ನಾ, ಪ್ರಸಾದಂ ಅದಿ” ಎಂದು ಆ ಹೆಂಗಸು, ಸುಮ್ಮನಿರಣ್ಣ, ಅದು ಪ್ರಸಾದ ಎಂದು ತೆಲುಗಿನಲ್ಲೇ ಅವನ ಬಾಯಿ ಮುಚ್ಚಿಸಿ ಕಸ್ತೂರಿಯ ಮುಂದೆ ಬಂದು ನಿಂತಳು. ಉಸಿರು ಮೇಲಕ್ಕೂ ಕೆಳಕ್ಕೂ ಆಗುತ್ತಿತ್ತು.

“ಯಕ್ಕಾ, ಯಾವೂರ್ರಿ ನಿಮ್ದು? ನಿಮ್ಮ ದನಿ ಕೇಳಿ ನನಗ ಮೈಯೆಲ್ಲಾ ಝುಂ ಅಂತು. ಹಬ್ಬ ಐತಿ ಅನ್ನೋದ ಮರತುಬಿಟ್ಟಿದ್ದೆ.”

ಅವಳ ಹೆಸರು ಮಲ್ಲಮ್ಮ, ಸುರಪುರದ ಕಡೆಯವಳು. ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದವಳು. ಈ ಕಡ್ಡಿಗಳನ್ನು ನೆಟ್ಟದ್ದು ಅವಳ ತಂಡವೇ ಅಂತೆ.

ಅಷ್ಟರಲ್ಲಿ ಕಣ್ಣಿಗೆ ದೊಡ್ಡ ಕನ್ನಡಕ ಹಾಕಿಕೊಂಡ ಹುಡುಗಿಯೊಬ್ಬಳು ಬಂದಳು. ಆ ಕಲೆಯ ಒಡತಿ ಅವಳೇ. ಕಡ್ಡಿಗೆ ಅಂಟಿದ್ದ ಭಜ್ಜಿಯನ್ನು ನೋಡಿ, “ಅಯ್ಯೋ, ಏನ್ ಮೇಡಂ ಇದು? ಏನ್ ಹಾಕ್ಬಿಟ್ರಿ?” ಎಂದಳು. ಮೈಸೂರಿನ ಮಾತು.

“ಹಾಕೋದೇನವ್ವಾ, ಹೊಲಕ್ಕ ಹಾಕೋದೇ ಹಾಕೀನಿ” ಎಂದಳು ಕಸ್ತೂರಿ. ಡಬ್ಬಿ ಮುಂದೆ ಹಿಡಿದು, “ನೀನೂ ತಿನ್ನು. ಮಾರಿ ನೋಡಿದ್ರ ಮುಂಜಾನಿಂದ ಏನೂ ತಿಂದಿಲ್ಲ ಅನ್ನಸ್ತದ” ಎಂದಳು.

ಹುಡುಗಿ ಕೋಪ ಮಾಡಿಕೊಳ್ಳಬೇಕೋ ಕಡುಬು ತೆಗೆದುಕೊಳ್ಳಬೇಕೋ ತಿಳಿಯದೆ ನಿಂತಳು. ಆಮೇಲೆ ಕಡುಬನ್ನೇ ತೆಗೆದುಕೊಂಡಳು. ತಿನ್ನುತ್ತ ನನ್ನ ಕಡೆ ತಿರುಗಿ, “ನೋಡಿ ಸಾರ್, ನಾನು ಇವರಿಗೆ ಕಾಡಿನ ಥರ ನೆಡಿ, ಹೇಗೆಹೇಗೋ ನೆಡಿ ಅಂತ ಹೇಳಿ ಊಟಕ್ಕೆ ಹೋದೆ. ಬರೋಷ್ಟರಲ್ಲಿ ಹೊಲ ಮಾಡಿಟ್ಟಿದ್ರು. ಬೋರ್ಡ್ ಬದಲಾಯಿಸೋಕೆ ಟೈಮೇ ಇರ್ಲಿಲ್ಲ” ಎಂದಳು.

ಮಲ್ಲಮ್ಮ ಪೊರಕೆ ಹಿಂದೆ ಬಾಯಿ ಮರೆಮಾಡಿ ನಕ್ಕಳು. “ನಾವೇನ್ ಬೇಕಂತ ಮಾಡೀವೇನ್ರಿ? ಮ್ಯಾಡಮ್ಮು ಸಾಲು ತಪ್ಪಸ್ರಿ, ಸಾಲು ತಪ್ಪಸ್ರಿ ಅಂತಿದ್ರು. ನಾವೂ ಹೂಂ ಅಂದ್ವಿ. ಕೈಗೆ ಬರಬೇಕಲ್ಲ? ಒಂದು ನೆಟ್ರ ಇನ್ನೊಂದು ಅದರ ಸೀದಾಕ್ಕ ಹೋಗ್ತೈತಿ.”

ನಾನು ಹುಡುಗಿಯನ್ನು ಬದಿಗೆ ಕರೆದು, ಚಳಿಗಾಲ ಮುಗಿದ ಮೇಲೆ ಈ ಕಡ್ಡಿಗಳನ್ನೆಲ್ಲ ಏನು ಮಾಡುತ್ತೀರಿ, ಇಡಿಯಾಗಿ ಕೊಡುವುದಾದರೆ ನನಗೆ ಹೇಳಿ ಎಂದೆ. ಇಂಥ ಅವಕಾಶ ಬಿಡಬಾರದು. ನೀವೂ ಬಿಡಬೇಡಿ. ಅವಳು ಕಡುಬು ತಿನ್ನುವುದನ್ನು ನಿಲ್ಲಿಸಿ ನನ್ನನ್ನು ವಿಚಿತ್ರವಾಗಿ ನೋಡಿದಳು.

ಆ ಕಡೆ ಇಬ್ಬರು ಹೆಂಗಸರೂ ಹುಲ್ಲಿನ ಮೇಲೆ ಕೂತೇಬಿಟ್ಟಿದ್ದರು. ರೊಟ್ಟಿ ಮುರಿಯುತ್ತ ಕಸ್ತೂರಿ ಕೇಳುತ್ತಿದ್ದಳು.

“ಇಲ್ಲೇ ಇರ್ತೀ ಏನು?”

“ಮಣಿಕೊಂಡದಾಗ ಪತ್ರಾಸಿನ ಶೆಡ್ ಹಾಕ್ಯಾರ್ರಿ. ಬಿಲ್ಡಿಂಗ್ ಮುಗಿಯೋ ತನಾ ಅಲ್ಲಿ. ಮುಗದ್ರ ಮತ್ತೊಂದು ಕಡಿ. ಹೋದ ವರ್ಷ ಮಿಯಾಪುರ, ಅದರ ಆಚಿ ವರ್ಷ ಮತ್ತೆಲ್ಲೋ.”

“ಹಂಗ ಊರೂರು ಬದಲಾದ್ರ ಬ್ಯಾಸರ ಆಗಂಗಿಲ್ಲೇನು?”

“ಆಗದ ಏನ್ರಿ ಯಕ್ಕಾ? ಭಾಳ ಆಗ್ತೈತಿ. ಗ್ವಾಡಿ ನೋಡಿಕೋತ ಕೂಡ್ತೀನಿ. ಆಮ್ಯಾಲ ಒಂದಿನ ಯಾರೋ ಒದರ್ತಾರ, ನಾ ಓ ಅಂತೀನಿ. ಇವತ್ತ ನೀವು ಒದರಿಲ್ಲೇನು, ಹಂಗ.”

ಕಸ್ತೂರಿ ಉಳಿದ ರೊಟ್ಟಿಯನ್ನೆಲ್ಲ ಸುತ್ತಿ ಮಲ್ಲಮ್ಮನ ಮಡಿಲಿಗೆ ಹಾಕಿದಳು. ವಾಚ್‌ಮನ್ನನಿಗೂ ಒಂದು ಕಡುಬು ಹೋಯಿತು. ಅವನು ಸೀಟಿಯನ್ನು ಕಿಸೆಗೆ ಇಳಿಬಿಟ್ಟು ತಿಂದ.

ಹೊರಗೆ ಬಸ್ ನಿಲ್ದಾಣದಲ್ಲಿ ಥಂಡಿ ಚುರುಗುಡುತ್ತಿತ್ತು. ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತೆವು. ನಾನು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. ಬೆಳಕಿನ ಮಾತು ಮೊದಲು, ನಂತರ ಗಾಳಿ, ನಂತರ ನನ್ನ ಸೊಂಟ ನೋವು, ಎಲ್ಲಕ್ಕೂ ಕೊನೆಗೆ ಸಂಕ್ರಾಂತಿಯ ಗಡುವು. ಆಕೆ ಮೂಗೆತ್ತಿ ಹೊರಟರೆ ಹಿಂದಿನಿಂದ ಕೂಗಿ ಕರೆಯಲು ಇನ್ನೂ ಒಂದೆರಡು ಮಾತು ಕಾಯ್ದಿರಿಸಿದ್ದೆ. ಬಾಯಿ ತೆರೆಯಬೇಕು, ಅಷ್ಟರಲ್ಲಿ ಆಕೆಯೇ ಅಂದಳು.

“ಆತು. ಬಿಲ್ಡರಗ ಹೇಳಿಬಿಡ್ರಿ. ಬರ್ತೀನಿ.”

ನನಗೆ ತಪ್ಪಾಗಿ ಕೇಳಿಸಿತೇನೋ ಅನ್ನಿಸಿತು. “ಏನಂದಿ?”

“ಮಣಿಕೊಂಡಕ್ಕ. ಬರ್ತೀನಂದೆ.”

ನಮ್ಮ ಧಂದೆಯಲ್ಲಿ ಮಾರುವವನು ಮೊದಲ ಮಾತಿಗೇ ಕೊಟ್ಟುಬಿಟ್ಟರೆ ಕೊಳ್ಳುವವನು ಹಿಂದೆಗೆಯಬೇಕು. ಒಂದೋ ಮಾಲಿನಲ್ಲಿ ಐಬಿರುತ್ತದೆ, ಇಲ್ಲವೇ ಮಾರುವವನಿಗೆ ಅದನ್ನು ಕೈಯಲ್ಲಿ ಹಿಡಿದುಕೊಂಡಿರಲು ಆಗುತ್ತಿಲ್ಲ. ನಾನು ಆಕೆಯ ಮುಖ ನೋಡಿದೆ. ಪಾರ್ಕಿನ ಬೆಳಕು ಗೋಡೆ ದಾಟಿ ಬಂದು ಆಕೆಯ ಒಂದು ಕೆನ್ನೆಯ ಮೇಲಿತ್ತು. ಡಬ್ಬಿಯ ಮುಚ್ಚಳವನ್ನು ಸೆರಗಿನಿಂದ ಒರೆಸುತ್ತಿದ್ದಳು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದಳು.

“ಆಪಾ?” ಎಂದೆ.

“ಆಪಾಗ ನಾ ಹೇಳ್ತೀನಿ. ನೀವು ಹೇಳಬ್ಯಾಡ್ರಿ.”

ನನಗೆ ಬೇಕಾಗಿದ್ದದ್ದು ಕೈಗೆ ಬಂದಿತ್ತು. ಎದ್ದು ಕುಣಿಯಬೇಕು. ಕುಣಿಯುವ ಬದಲು ನನ್ನ ಬಾಯಿ ತನಗೆ ಗೊತ್ತಿದ್ದ ಒಂದೇ ಕೆಲಸ ಶುರುಮಾಡಿತು, ಆದರೆ ಎದುರು ಪಕ್ಷದಿಂದ.

“ನಾಲ್ಕನೇ ಮಾಳಿಗಿ ಬ್ಯಾಡ. ಕೆಳಗಿಂದು ತಗೋಳೂನು. ಹಿಂದಿನ ಗ್ವಾಡಿಗಿ ಹತ್ತಿದ್ದು. ಗ್ವಾಡಿ ಆಚಿ ಮಂದಿ ಇರ್ತಾರ.”

“ಹೂಂ.”

ಕೆಳಮಹಡಿಯ ಹಿಂಭಾಗದ ಮನೆಯನ್ನು ಯಾರೂ ಕೊಳ್ಳಬಾರದೆಂದು ನಾನು ಎಷ್ಟೋ ಮಂದಿಗೆ ಬುದ್ಧಿ ಹೇಳಿದ್ದೇನೆ. ಧೂಳು, ಸೊಳ್ಳೆ, ಮುಂದೆ ಮಾರಲು ಹೋದರೆ ಕೇಳುವವರಿಲ್ಲ.

“ಮಾಳಿಗಿ ಮ್ಯಾಲಿನ ಡಬ್ಬಿಗಳು ಅದಾವಲ್ಲ, ಮೆಂತೆ, ಕೊತ್ತಂಬರಿ... ಟೆಂಪೋ ಮಾಡಿ ಎಲ್ಲಾ ಒಯ್ಯೂನು. ಮಣ್ಣಿನ ಸಮೇತ.”

“ಹೂಂ.”

“ಐತಾರಕ್ಕೊಮ್ಮೆ ನಾಂಪಲ್ಲಿಗಿ ಬಂದು ಹೋಗೂನು. ನುಮಾಯಿಷ್ ಇದ್ದಾಗ ನೀ ಆಪಾನ ಮನ್ಯಾಗೇ ಉಳಿ. ನಾ ಖಾನಾವಳ್ಯಾಗ ಉಣ್ತೀನಿ.”

“ಹೂಂ.”

“ಎಳ್ಳ ಅಮಾಸಿಗಿ ಗಾಡಿ ಕಳಿಸಿ ಆಪಾನ್ನ ಕರಸೂನು. ಬೀದರಕ್ಕ ಹೋಗಿದ್ಲಂದ್ರ ಬೀದರಕ್ಕೇ ಗಾಡಿ ಕಳಿಸೂನು. ಗೋದಾಮು ಬಂದ್ ಮಾಡಿ ನಾನೂ ಮನ್ಯಾಗಿರ್ತೀನಿ. ಆವತ್ತಷ್ಟೇ ಅಲ್ಲ, ವಾರಕ್ಕೊಂದಿನ...”

ಆಕೆ ಡಬ್ಬಿಯನ್ನು ಚೀಲಕ್ಕೆ ಹಾಕಿದಳು. ಚೀಲವನ್ನು ನಮ್ಮಿಬ್ಬರ ನಡುವಿನಿಂದ ತೆಗೆದು ಆಚೆಗಿಟ್ಟು ನನ್ನ ಕಡೆ ಸರಿದು ಕೂತಳು.

“ಸಾಕು ಬಿಡ್ರಿ,” ಎಂದಳು. “ಇನ್ನ ಮ್ಯಾಲ ಕೊಟ್ರ ನಿಮಗ ಗಿಟ್ಟಂಗಿಲ್ಲ.”